ಇಣುಕುವ ಡ್ರೋನ್, ಬೀಳುವ ಡ್ರೋನ್

ಇಂದಿರಾನಗರದ ಯಾವ ಅಪಾರ್ಟ್‌ಮೆಂಟ್ ಸಭೆಯಲ್ಲಿ ಡ್ರೋನ್ ಮಾತೆತ್ತಿದರೂ ಬೇಡಿಕೆ ಒಂದೇ: ಹವ್ಯಾಸಿಗಳ ಹಾರಾಟ ನಿಲ್ಲಿಸಿ, ಅವು ಮನೆಯೊಳಗೆ ಇಣುಕುತ್ತವೆ. ಅಂಜಿಕೆ ಸುಳ್ಳಲ್ಲ. ಗುರಿ ಮಾತ್ರ ತಪ್ಪಿದೆ.

ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು 249 ಗ್ರಾಮಿನ ಪುಟ್ಟ ಡ್ರೋನ್. ಅದರ ಲೆನ್ಸ್ ಇರುವುದೇ ಇಡೀ ದೃಶ್ಯವನ್ನು ಒಂದು ಚೌಕಟ್ಟಿಗೆ ಹಿಡಿಯಲು. 30 ಮೀಟರ್ ಆಚೆಯಿಂದ ತೆಗೆದ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಒಂದು ಮುಖದ ಅಗಲ ಸುಮಾರು 15 ಪಿಕ್ಸೆಲ್, ಗುರುತೂ ಹತ್ತುವುದಿಲ್ಲ. ಇನ್ನೂ ಹತ್ತಿರ ಬಂದರೆ ಅದರ ಗುಂಯ್ ಸದ್ದೇ ಅದನ್ನು ಹಿಡಿದುಕೊಡುತ್ತದೆ. ಎದುರು ಬಾಲ್ಕನಿಯ ಜೂಮ್ ಫೋನಿಗೆ, ನಿಮ್ಮ ಗೇಟಿನತ್ತ ತಿರುಗಿಸಿಟ್ಟ ನೆರೆಮನೆಯ ಸಿಸಿಟಿವಿಗೆ ಸದ್ದೇ ಇಲ್ಲ. ಆ ವಿಷಯಕ್ಕೆ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅಧ್ಯಕ್ಷರ ಮನೆಯ ಕ್ಯಾಮೆರಾವನ್ನೇ ಮೊದಲು ಇಳಿಸಬೇಕಾದೀತು!

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ದಾವೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾಲ್ಕು ವರ್ಷದ ಮೇಲೆ ಒಂದು ದಿನ ಕಳೆದು, 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳು ಬಂದವು. ಅವು ತೂಕ ಕೇಳುತ್ತವೆ, ಎತ್ತರ ಕೇಳುತ್ತವೆ. ಏನನ್ನು ನೋಡಿದೆ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕದ್ದು ನೋಡುವವನನ್ನು ಶಿಕ್ಷಿಸುತ್ತದೆ, ಅದೂ ಖಾಸಗಿ ಕ್ರಿಯೆಯಲ್ಲಿ ತೊಡಗಿದ ಹೆಣ್ಣಿನ ಮಟ್ಟಿಗೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ ಹಾಗೂ ಮನೆಬಳಕೆಯನ್ನು ಹೊರಗಿಟ್ಟಿದೆ. ಹಾಗಾಗಿ ಡ್ರೋನ್ ನೋಂದಣಿಯನ್ನು ಎಷ್ಟೇ ಬಿಗಿ ಮಾಡಿದರೂ ಹಲಸೂರಿನ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಸಂಸಾರಕ್ಕೆ ದಕ್ಕುವುದು ಏನೂ ಇಲ್ಲ. ಸಾಧನ ಯಾವುದೇ ಇರಲಿ, ಇಣುಕಿದ್ದನ್ನೇ ಅಪರಾಧವೆನ್ನುವ ಕಾನೂನು ಬೇಕು. ಠಾಣೆಯಲ್ಲಿ ಆ ದೂರನ್ನು ಬರೆದುಕೊಳ್ಳುವವರೂ ಬೇಕು.

ನಿಜವಾಗಿ ಹೆದರಬೇಕಾದದ್ದು ಡ್ರೋನಿನ ಕಣ್ಣಿಗಲ್ಲ, ರೆಕ್ಕೆಗೆ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವೆಂದು ಎಚ್‌ಎಎಲ್ ರನ್‌ವೇ ಸುಮ್ಮನೆ ಮಲಗಿಲ್ಲ. ತೇಜಸ್ ಯುದ್ಧವಿಮಾನ, ಧ್ರುವ ಹೆಲಿಕಾಪ್ಟರುಗಳ ಪರೀಕ್ಷಾ ಹಾರಾಟ ನಡೆಯುವುದು ಇಲ್ಲೇ, ಆ ದಾರಿಗೆ ಡ್ರೋನ್ ಅಡ್ಡ ಬಂದರೆ ಅಪಾಯ. ಚಾಲ್ತಿಯಲ್ಲಿರುವ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯವಿಲ್ಲ, ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎಲ್ಲವೂ ಆ ವ್ಯಾಪ್ತಿಯೊಳಗೇ ಬರುತ್ತದೆ. ಜನಜಂಗುಳಿಯದು ಇನ್ನೊಂದು ಆತಂಕ. ಸೆಪ್ಟೆಂಬರ್ 8ರಂದು ಸೇಂಟ್ ಮೇರಿ ಬೆಸಿಲಿಕಾದ ತೇರು ಹೊರಟಾಗ ಶಿವಾಜಿನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾಲ್ಕು ಮೋಟಾರಿನ ಡ್ರೋನಿನಲ್ಲಿ ಒಂದು ಕೈಕೊಟ್ಟರೆ ಅದು ತೇಲುವುದಿಲ್ಲ, ಗಿರಕಿ ಹೊಡೆಯುತ್ತ ಬೀಳುತ್ತದೆ. ಹಸಿರು ವಲಯದ ಎತ್ತರದ ಮಿತಿಯಾದ 120 ಮೀಟರೆಂದರೆ ಸುಮಾರು 40 ಅಂತಸ್ತು. ಅಷ್ಟು ಮೇಲಿಂದ ಬಿದ್ದ ಕಾಲು ಕಿಲೋ ಸಾಕು ತಲೆ ಒಡೆಯಲು. ನಿಯಮವೋ, ದುಡ್ಡಿಗಲ್ಲದೆ ಹಾರಿಸುವವರಿಗೆ 2 ಕಿಲೋವರೆಗೂ ಪೈಲಟ್ ಪ್ರಮಾಣಪತ್ರ ಬೇಡವೆನ್ನುತ್ತದೆ.

ಪೂರ್ತಿ ನಿಷೇಧ ಕೇಳುವವರು 2022ರ ಫೆಬ್ರವರಿಯನ್ನು ನೆನೆಯಲಿ. ವಿದೇಶಿ ಡ್ರೋನ್ ಆಮದನ್ನೇ ಆಗ ನಿಷೇಧಿಸಲಾಯಿತು. ಮದುವೆ ಮಂಟಪಗಳ ಮೇಲಿನ ಗುಂಯ್‌ಗಾಟ ನಿಂತಿತೇ? ಎಚ್‌ಎಎಲ್ ಸುತ್ತಲಿನ ಆ 8 ಕಿ.ಮೀ. ಒಳಗಾದರೂ 2 ಕಿಲೋ ವಿನಾಯಿತಿ ರದ್ದಾಗಲಿ, ಜನರ ತಲೆಯ ಮೇಲೆ ಹಾರಿಸಿದವನಿಗೆ ನಿಯಮದಲ್ಲಿರುವ 1 ಲಕ್ಷದವರೆಗಿನ ದಂಡ ನಿಜಕ್ಕೂ ಬೀಳಲಿ. ಕಲಿಯುವ ಹುಡುಗರಿಗೆ ಹೊಸಕೋಟೆ ಕಡೆ ಒಂದು ಬಯಲು ಬಿಟ್ಟುಕೊಟ್ಟರೆ ಅವರು ನಮ್ಮ ತಾರಸಿಗಳ ಕಡೆಗೆ ಯಾಕೆ ಬಂದಾರು?