ಆರು ಪೆನ್ಸಿನ ಮೇನೆ

ಹಳೆಯ ಐಷಾರಾಮಿ ಕಾರುಗಳ ಬಗ್ಗೆ ಬರುವ ಬರಹಗಳಲ್ಲಿ ಎರಡು ವಿವರಗಳು ತಪ್ಪದೇ ಇರುತ್ತವೆ: ಅದು ಯಾರದಾಗಿತ್ತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು. ಕಾದಂಬರಿಯೊಂದರ ಪ್ರಕಾಶಕರ ಹೆಸರು, ಮುಖಬೆಲೆ ಹೇಳಿ ವಿಮರ್ಶೆ ಮುಗಿಸಿದ ಹಾಗೆ. ಇವು ಕೈಯಲ್ಲಿ ಕಟ್ಟಿದ ಕಾರುಗಳು. ಕಟ್ಟುವಾಗ ಯಾರೋ ಒಬ್ಬರು ಈ ಗೆರೆ ಇಲ್ಲಿ ಬಾಗಲಿ, ಈ ಬಾಗಿಲು ಇಷ್ಟು ಎತ್ತರವಿರಲಿ ಎಂದು ನಿರ್ಧರಿಸಿದ್ದಾರೆ. ಆ ನಿರ್ಧಾರಗಳನ್ನು ಓದಬಹುದು, ಅವುಗಳ ಜೊತೆ ಜಗಳವಾಡಲೂಬಹುದು. ನಾನು ಆರಿಸಿಕೊಂಡಿರುವುದು 1926ರ ಒಂದು ರೋಲ್ಸ್ ರಾಯ್ಸ್. ಅದಕ್ಕೆ ‘ಫ್ಯಾಂಟಮ್ ಆಫ್ ಲವ್’ ಎಂಬ, ಕೇಳಿದರೆ ಸ್ವಲ್ಪ ಮುಜುಗರವಾಗುವ ಹೆಸರು ಅಂಟಿಕೊಂಡಿದೆ. ಅಭಿರುಚಿಯುಳ್ಳವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನಾನೂ ಮೊದಲು ಚಿತ್ರಗಳನ್ನು ನೋಡಿದಾಗ ನಕ್ಕಿದ್ದೆ. ನಗು ಬಂದದ್ದು ಸರಿಯೇ. ಆದರೆ ಅದು ಯಾರನ್ನು ನೋಡಿ ಬರಬೇಕಾದ ನಗು ಎಂಬುದು ಬೇರೆ ಪ್ರಶ್ನೆ.

ಮೊದಲು ಕಟ್ಟುವ ಬಗೆ ಹೇಳಬೇಕು. ಹೊಸ ಲಾರಿಯ ಚಾಸಿಯೊಂದು, ಕ್ಯಾಬಿನ್ ಕೂಡ ಇಲ್ಲದೆ, ಬರೀ ಇಂಜಿನ್ನು, ಸ್ಟೀರಿಂಗು, ಒಂದು ತಾತ್ಕಾಲಿಕ ಸೀಟು ಇಟ್ಟುಕೊಂಡು ಹೆದ್ದಾರಿಯಲ್ಲಿ ಹೋಗುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಚಾಲಕ ಅದನ್ನು ಬಾಡಿ ಕಟ್ಟುವವರ ಬಳಿಗೆ ಒಯ್ಯುತ್ತಿರುತ್ತಾನೆ. ಎರಡನೇ ಮಹಾಯುದ್ಧದ ತನಕ ರೋಲ್ಸ್ ರಾಯ್ಸ್ ಕೂಡ ಮಾರುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ: ಚಾಸಿ, ಇಂಜಿನ್ನು, ಮುಂದೆ ದೇಗುಲದ ಮುಖದಂಥ ರೇಡಿಯೇಟರು. ಬಾಡಿಗೆ ಬೇರೆ ಕಡೆ ಹೋಗಬೇಕು. ಲಂಡನ್ನಿನ ಬಾರ್ಕರ್, ಹೂಪರ್, ಪ್ಯಾರಿಸಿನ ಲಾಬೂರ್ದೆತ್ ಮೊದಲಾದವರು ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನದವರು. ಕುದುರೆ ಹೋಯಿತು, ಅವರ ಉಳಿ, ಕೊಡತಿ, ವಾರ್ನಿಷ್ ಡಬ್ಬ ಉಳಿದವು. ಬ್ರೂಮ್, ಲ್ಯಾಂಡೋ, ಫೇಟನ್ ಎಂಬ ಸಾರೋಟಿನ ಹೆಸರುಗಳೂ ಉಳಿದವು. ಆಶ್ ಮರದ ಚೌಕಟ್ಟು, ಅದರ ಮೇಲೆ ಕೈಯಲ್ಲಿ ಬಡಿದು ಬಗ್ಗಿಸಿದ ಅಲ್ಯೂಮಿನಿಯಂ ತಗಡು, ಅದರ ಮೇಲೆ ಪದರ ಪದರವಾಗಿ ಬಣ್ಣ.

ಈ ಮದುವೆ ಸುಖವಾಗೇನೂ ಇರಲಿಲ್ಲ. ಹಳ್ಳದ ರಸ್ತೆಯಲ್ಲಿ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಅದರ ಮೇಲೆ ಕೂತ ಮರದ ಚೌಕಟ್ಟು ಕಿರುಗುಟ್ಟುತ್ತದೆ. ಚಾರ್ಲ್ಸ್ ವೇಮನ್ ಎಂಬ ವಿಮಾನ ಹಾರಿಸುತ್ತಿದ್ದ ಮನುಷ್ಯ 1920ರ ದಶಕದಲ್ಲಿ ಮರದ ತುಂಡುಗಳು ಒಂದಕ್ಕೊಂದು ತಾಗದಂತೆ ನಡುವೆ ಲೋಹದ ಪಟ್ಟಿ ಕೊಟ್ಟು, ಮೇಲೆ ತಗಡಿನ ಬದಲು ಬಟ್ಟೆ ಹೊದಿಸಿ ಆ ಸದ್ದನ್ನು ಅಡಗಿಸಿದರು. ನನಗೆ ಇದು ಆ ಕಾಲದ ಅತ್ಯಂತ ಬುದ್ಧಿವಂತ ಬಾಡಿ ಅನ್ನಿಸುತ್ತದೆ. ನೋಡಲು ಮಾತ್ರ ಅಂಥದ್ದೇನಿಲ್ಲ, ಹಾಗಾಗಿ ಕ್ಯಾಲೆಂಡರುಗಳಲ್ಲಿ ಕಾಣಿಸುವುದೂ ಕಡಿಮೆ.

ಇನ್ನು ನಮ್ಮ ಕಾರು. ಇದನ್ನು ಮಾಡಿಸಿದವರು ಕ್ಲಾರೆನ್ಸ್ ವಾರನ್ ಗ್ಯಾಸ್ಕ್, ಇಂಗ್ಲೆಂಡಿನ ವೂಲ್ವರ್ತ್ಸ್ ಅಂಗಡಿಗಳ ಹಣಕಾಸು ನಿರ್ದೇಶಕ. ಹೆಂಡತಿ ಮಾಡ್‌ಗೆ ಉಡುಗೊರೆ. ಕಟ್ಟಿದವರು ಲಂಡನ್ನಿನ ದೊಡ್ಡ ಹೆಸರಿನವರ್ಯಾರೂ ಅಲ್ಲ, ವುಲ್ವರ್‌ಹ್ಯಾಂಪ್ಟನ್ನಿನ ಕ್ಲಾರ್ಕ್ ಎಂಬ ಸಂಸ್ಥೆ. ಗ್ಯಾಸ್ಕ್ ಅವರಿಗೆ ಫ್ರೆಂಚ್ ಶೈಲಿ ಬೇಕಿತ್ತು. ಕ್ಲಾರ್ಕ್ ಸಂಸ್ಥೆಯ ಬಾರ್ನೆಟ್ ಎಂಬವರು ಮಾದರಿ ಹುಡುಕುತ್ತಾ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳದ್ದು ಎನ್ನಲಾದ ಒಂದು ಮೇನೆ. ಒಳಗಿನ ಮೇಲ್ಛಾವಣಿಗೆ ಚಿತ್ರ ಬರೆದ ಮುಚ್ಚುಪಲ್ಲಕ್ಕಿ.

ಅಲ್ಲಿಂದ ಹುಟ್ಟಿದ ಒಳಾಂಗಣ ಹೀಗಿದೆ. ಹಿಂದಿನ ಸೀಟು ಸೀಟಲ್ಲ, ದಿವಾನಖಾನೆಯ ಸೋಫಾ. ಅದಕ್ಕೆ ಹೊದಿಸಿರುವುದು ಫ್ರಾನ್ಸಿನ ಓಬುಸ್ಸೋನ್ ಊರಿನಲ್ಲಿ ಇದಕ್ಕೆಂದೇ ನೇಯಿಸಿದ ಚಿತ್ರದ ಬಟ್ಟೆ. ನೇಯಲು ಒಂಬತ್ತು ತಿಂಗಳು ಹಿಡಿಯಿತು, ಅದೊಂದಕ್ಕೇ 500 ಪೌಂಡಿಗೂ ಮಿಕ್ಕಿ ಖರ್ಚಾಯಿತು. ಎದುರಿಗೆ, ಚಾಲಕನ ಬೆನ್ನಿಗೆ ಹೊಂದಿಕೊಂಡಂತೆ, ಹೊಟ್ಟೆ ಉಬ್ಬಿದ ಒಂದು ಪುಟ್ಟ ಬೀರು. ಅದರೊಳಗೆ ಪಾನೀಯಗಳಿಗೆ ಜಾಗ, ಮೇಲೆ ಗಡಿಯಾರ, ಪಿಂಗಾಣಿ ಹೂದಾನಿ. ಬೀರುವಿನ ಎರಡೂ ಬದಿಯಲ್ಲಿ ಮಡಚಿಡುವ ಸೀಟುಗಳನ್ನು ಬಚ್ಚಿಟ್ಟಿದ್ದಾರೆ. ತಲೆಯ ಮೇಲೆ ಮೋಡಗಳು, ಗುಂಡುಗುಂಡಾದ ರೆಕ್ಕೆಯ ಮಕ್ಕಳು. ಇಡೀ ಕಾರಿಗೆ ಬಿದ್ದದ್ದು 6,500 ಪೌಂಡು, ಅದರಲ್ಲಿ 4,500 ಬಾಡಿಗೇ.

ಆ ಕಾಲದ ಇಂಗ್ಲೆಂಡಿನ ವೂಲ್ವರ್ತ್ಸ್‌ನಲ್ಲಿ ಯಾವ ಸಾಮಾನಿಗೂ ಆರು ಪೆನ್ಸಿಗಿಂತ ಹೆಚ್ಚು ಬೆಲೆ ಇರಲಿಲ್ಲ. ಆ ಮಿತಿ ಮೀರದಿರಲು ಪಾತ್ರೆಗೊಂದು ಬೆಲೆ, ಅದರ ಮುಚ್ಚಳಕ್ಕೊಂದು ಬೆಲೆ ಇಟ್ಟು ಬೇರೆ ಬೇರೆಯಾಗಿ ಮಾರುತ್ತಿದ್ದರು. ಚಾಸಿಗೊಂದು, ಬಾಡಿಗೊಂದು ಎಂಬ ವ್ಯವಸ್ಥೆ ಗ್ಯಾಸ್ಕ್ ಅವರಿಗೆ ಹೊಸದೆನಿಸಿರಲಿಕ್ಕಿಲ್ಲ. ಪೌಂಡಿಗೆ ನಲವತ್ತು ಆರು-ಪೆನ್ಸಿನ ನಾಣ್ಯಗಳು. ಲೆಕ್ಕ ಹಾಕಿದರೆ ಸೋಫಾದ ಬಟ್ಟೆಯೊಂದಕ್ಕೇ 20,000 ನಾಣ್ಯ, ಇಡೀ ಕಾರಿಗೆ 2,60,000. ಅಷ್ಟು ಸಲ ಯಾರೋ ಕೌಂಟರಿನ ಮೇಲೆ ಆರು ಪೆನ್ಸಿಟ್ಟು ಬಾಚಣಿಗೆಯನ್ನೋ ಲೋಟವನ್ನೋ ಒಯ್ದಿರಬೇಕು.

ಸರಿ, ಇದು ಚೆನ್ನಾಗಿದೆಯೇ? 1923ರಲ್ಲಿ ಲ ಕಾರ್ಬುಸಿಯೇ ತಮ್ಮ ವಾಸ್ತುಶಿಲ್ಪದ ಪುಸ್ತಕದಲ್ಲಿ ಗ್ರೀಕ್ ದೇಗುಲಗಳ ಚಿತ್ರದ ಕೆಳಗೆ ಕಾರುಗಳ ಚಿತ್ರ ಹಾಕಿದ್ದರು. ಪಾರ್ಥೆನಾನಿನ ಜೊತೆಗೆ 1921ರ ಒಂದು ದೆಲಾಜ್ ಕಾರು. ಒಂದು ಮಾದರಿಯನ್ನು ತಿದ್ದುತ್ತ ತಿದ್ದುತ್ತ ಬೇಡದ್ದೆಲ್ಲ ಉದುರಿಹೋಗಿ ಪರಿಪೂರ್ಣತೆ ಬರುತ್ತದೆ ಎಂಬುದು ಅವರ ವಾದ. ಅದಾಗಿ ಮೂರೇ ವರ್ಷಕ್ಕೆ ಕ್ಲಾರ್ಕ್ ಸಂಸ್ಥೆ ಬೇಡದ್ದನ್ನೆಲ್ಲ ಮತ್ತೆ ಹೆಕ್ಕಿ ತಂದು ಒಳಗೆ ತುಂಬಿತು. ಕಾರ್ಬುಸಿಯೇ ಅಳತೆಗೋಲಿನಲ್ಲಿ ಈ ಕಾರು ನಪಾಸು. 1951ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ ಆಫ್ ಮಾಡರ್ನ್ ಆರ್ಟ್ ಎಂಟು ಕಾರುಗಳನ್ನು ಕಲಾಕೃತಿಗಳಾಗಿ ಪ್ರದರ್ಶಿಸಿದಾಗ ಅವನ್ನು ಉರುಳುವ ಟೊಳ್ಳು ಶಿಲ್ಪಗಳೆಂದು ಕರೆಯಲಾಯಿತು. ಅಂದರೆ ಹೊರಗೆ ನಿಂತು ಸುತ್ತು ಬಂದು ನೋಡುವಂಥವು. ಆ ಲೆಕ್ಕದಲ್ಲೂ ಇದಕ್ಕೆ ಅಂಕ ಬರದು. ಹೊರಗಿನಿಂದ ಇದು ನೀಟಾದ, ಸ್ವಲ್ಪ ಸಪ್ಪೆಯಾದ ಸಾರೋಟು.

ಈ ಎರಡೂ ಅಳತೆಗೋಲುಗಳನ್ನು ಮೆಚ್ಚಿಸುವ ಕಾರು 1924ರ ಹಿಸ್ಪಾನೊ-ಸುಯಿಜಾ. ‘ಟುಲಿಪ್‌ವುಡ್’ ಎಂದು ಹೆಸರು. ಮಾಡಿಸಿದವರು ಆಂದ್ರೆ ದ್ಯುಬೊನೆ, ಪಾನೀಯದ ವ್ಯಾಪಾರದಲ್ಲಿ ಸಿರಿವಂತರಾದ ಮನೆತನದವರು, ಮೊದಲ ಮಹಾಯುದ್ಧದ ವೈಮಾನಿಕ. ಬಾಡಿ ಕಟ್ಟಿದ್ದು ನ್ಯೂಪೋರ್ ಎಂಬ ವಿಮಾನ ಕಂಪನಿ. ತೆಳುವಾದ ಮರದ ಪಟ್ಟಿಗಳನ್ನು ಸಾವಿರಾರು ರಿವೆಟ್ ಹೊಡೆದು ಜೋಡಿಸಿದ ಈ ಬಾಡಿ ಸುಮಾರು 70 ಕಿಲೋ ತೂಗುತ್ತಿತ್ತಂತೆ. ಎಂಟು ಲೀಟರಿನ ಇಂಜಿನ್ನಿನ ಮೇಲೆ ಒಬ್ಬ ಮನುಷ್ಯನಷ್ಟೇ ಭಾರ! ಸಿಸಿಲಿಯ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ಪಂದ್ಯದಲ್ಲಿ ದ್ಯುಬೊನೆ ಇದನ್ನು ತಾವೇ ಓಡಿಸಿ ಆರನೆಯವರಾಗಿ ಬಂದರು. ಹಿಂದಕ್ಕೆ ಚೂಪಾಗುತ್ತ ಹೋಗುವ ಅದರ ಮೈಯನ್ನು ನೋಡಿ ಸೋಲದವರು ಕಡಿಮೆ, ನಾನೂ ಸೋತಿದ್ದೇನೆ. ಮರ ಮಾತ್ರ ಟುಲಿಪ್‌ವುಡ್ ಅಲ್ಲ, ಮಹಾಗನಿ ಎನ್ನುತ್ತಾರೆ. ಹರಾಜಿನ ಬೆಲೆ ಹೇಳುವವರನ್ನು ಈಗಷ್ಟೇ ದೂರಿದೆ, ಆದರೂ ಅಭಿರುಚಿಯ ಮತಎಣಿಕೆ ಎಂದುಕೊಂಡು ಹೇಳಿಬಿಡುತ್ತೇನೆ: ಗ್ಯಾಸ್ಕ್ ಅವರ ಕಾರು 2016ರಲ್ಲಿ 5,61,500 ಪೌಂಡಿಗೆ ಹೋಯಿತು, ಟುಲಿಪ್‌ವುಡ್ 2022ರಲ್ಲಿ 92 ಲಕ್ಷ ಡಾಲರ್ ದಾಟಿತು.

ನನ್ನ ತಕರಾರು ಇರುವುದು ಇಲ್ಲಿ. ಟುಲಿಪ್‌ವುಡ್ಡನ್ನು ನಾವು ಯಾವ ಮುಜುಗರವೂ ಇಲ್ಲದೆ ಮೆಚ್ಚುತ್ತೇವೆ, ಏಕೆಂದರೆ ಅದು ವೇಗದ ಬಗ್ಗೆ ಮಾತಾಡುತ್ತದೆ, ಹಗುರದ ಬಗ್ಗೆ, ಧೈರ್ಯದ ಬಗ್ಗೆ. ಹಣದ ಬಗ್ಗೆ ಬಾಯಿ ಬಿಡುವುದಿಲ್ಲ. ಮಾಲೀಕನೇ ಚಾಲಕನಾದ್ದರಿಂದ ಆಳು-ಅರಸರ ಮಾತೂ ಏಳುವುದಿಲ್ಲ. ಆದರೆ ಕೈಯಲ್ಲಿ ಕಟ್ಟಿಸಿದ ಐಷಾರಾಮಿ ಕಾರುಗಳಲ್ಲಿ ಅದು ಅಪರೂಪದ ಜಾತಿ. ಆ ಕಾಲದ ದೊಡ್ಡ ಕಾರುಗಳೆಂದರೆ ಒಬ್ಬ ಓಡಿಸುವುದು, ಇನ್ನೊಬ್ಬರು ಹಿಂದೆ ಕೂರುವುದು. ಎಲ್ಲ ಗೆರೆಗಳೂ ಈ ವ್ಯವಸ್ಥೆಗೆ ತಕ್ಕಂತೆ ಬಾಗುತ್ತಿದ್ದವು. ಬ್ರೂಮ್ ದ ವಿಲ್ ಎಂಬ ನಮೂನೆಯಲ್ಲಂತೂ ಹಿಂದಿನ ಕೋಣೆಗೆ ಗಾಜು, ಛಾವಣಿ ಎಲ್ಲವೂ ಉಂಟು, ಚಾಲಕನ ತಲೆಯ ಮೇಲೆ ಆಕಾಶ. ಅವನನ್ನು ಮುಚ್ಚುವುದು ಕಷ್ಟವೇನಲ್ಲ, ಎರಡು ಅಡಿ ತಗಡು ಸಾಕು. ಬಿಟ್ಟದ್ದು ಬೇಕೆಂದೇ. ಸಾರೋಟಿನವನು ಹೊರಗೇ ಕೂರುತ್ತಿದ್ದ. ಕುದುರೆಯ ಜೊತೆ ಅದೂ ಹೋಗಿಬಿಟ್ಟರೆ ಸಾರೋಟು ಎಂದು ಹೇಗೆ ಗೊತ್ತಾಗಬೇಕು?

ಗ್ಯಾಸ್ಕ್ ಅವರ ಕಾರೂ ಇದೇ ನಮೂನೆಯದು. ಬಾರ್ನೆಟ್ ಮ್ಯೂಸಿಯಮ್ಮಿನಲ್ಲಿ ಮೇನೆಯ ಮುಂದೆ ನಿಂತದ್ದು ಹಾಗಾಗಿ ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಉಳಿದವರು ತಮ್ಮ ಕಾರುಗಳನ್ನು ದೋಣಿ, ಬಾಣ, ವಿಮಾನಗಳಿಗೆ ಹೋಲಿಸುತ್ತಿದ್ದಾಗ ಇವರು ನೇರವಾಗಿ ಮೂಲಕ್ಕೇ ಹೋದರು. ಮೇನೆಯಲ್ಲಿ ಕೂತವರಿಗೆ ದಾರಿ ಕಾಣಬೇಕಿಲ್ಲ, ಹೊರುವವರಿಗೆ ಕಂಡರೆ ಸಾಕು. ಈ ಕಾರಿನಲ್ಲೂ ಹಾಗೆಯೇ. ಸೋಫಾದಲ್ಲಿ ಕೂತರೆ ಎದುರಿಗೆ ರಸ್ತೆಯ ಬದಲು ಬೀರು ಮತ್ತು ಗಡಿಯಾರ, ಕತ್ತೆತ್ತಿದರೆ ಬರೆದ ಮೋಡ. ನಿಜವಾದ ಮೋಡದ ಉಸ್ತುವಾರಿ ಮುಂದಿನ ಸೀಟಿನವನದು. ವಾಹನವಾಗಿ ಇದು ಮೂರ್ಖತನದ ವಸ್ತು. ಚಲನೆಯ ಬಗ್ಗೆ ಅದಕ್ಕೆ ಏನೂ ಹೇಳಲಿಕ್ಕಿಲ್ಲ. ಆದರೆ ತಾನು ಯಾರ ಹೆಗಲ ಮೇಲೆ ಸಾಗುತ್ತಿದ್ದೇನೆ ಎಂಬುದನ್ನು ಇಷ್ಟು ಬಿಚ್ಚಿ ತೋರಿಸುವ ಕಾರು ನನಗೆ ಇನ್ನೊಂದು ಗೊತ್ತಿಲ್ಲ. ಅದು ಬೇಕೆಂದು ಮಾಡಿದ ವ್ಯಂಗ್ಯವಲ್ಲ, ಬಾರ್ನೆಟ್ ಅವರಿಗೆ ಗಿರಾಕಿಯನ್ನು ಮೆಚ್ಚಿಸುವುದಷ್ಟೇ ಇತ್ತು. ಕೆಲವು ಕೃತಿಗಳು ಬರೆದವರಿಗಿಂತ ಹೆಚ್ಚು ಪ್ರಾಮಾಣಿಕವಾಗಿರುತ್ತವೆ.

ಕುಸುರಿಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಬೀರುವಿನ ಉಬ್ಬು ಮತ್ತು ಸೋಫಾದ ಬಾಗು ಒಂದಕ್ಕೊಂದು ಉತ್ತರ ಕೊಡುವ ಹಾಗೆ ಆ ಇಕ್ಕಟ್ಟಿನಲ್ಲಿ ಕೂರಿಸುವುದು, ಮಡಚುವ ಸೀಟಿದೆಯೆಂಬುದೇ ತಿಳಿಯದಂತೆ ಮರೆಮಾಡುವುದು, ಅದೂ ಕುಲುಕುವ ಚಾಸಿಯ ಮೇಲೆ, ಹುಡುಗಾಟದ ಮಾತಲ್ಲ. ಮೆಚ್ಚುಗೆ ಯಾರಿಗೆ ಸಲ್ಲಬೇಕು ಅನ್ನುವಾಗ ತೊಡಕು ಬರುತ್ತದೆ. ರೇಡಿಯೇಟರಿನ ಮೇಲೆ ರೋಲ್ಸ್ ರಾಯ್ಸ್‌ನ ಎರಡು ‘ಆರ್’ಗಳು. ಈ ಕಾರಿನ ಕಥೆಯಲ್ಲಿ ಗ್ಯಾಸ್ಕ್ ಇದ್ದಾರೆ, ಬಾರ್ನೆಟ್ ಇದ್ದಾರೆ, ತಲೆ ಕಳೆದುಕೊಂಡ ರಾಣಿಯೂ ಇದ್ದಾಳೆ. ಓಬುಸ್ಸೋನಿನ ನೇಕಾರರು ಬರುವುದು ಒಂಬತ್ತು ತಿಂಗಳು, 500 ಪೌಂಡು ಎಂಬ ಲೆಕ್ಕವಾಗಿ ಮಾತ್ರ.

ಗ್ಯಾಸ್ಕ್ 1928ರಲ್ಲಿ ತೀರಿಕೊಂಡರು. ಮರುವರ್ಷ ಷೇರುಪೇಟೆ ಕುಸಿಯಿತು, ಇಂಥ ಗಿರಾಕಿಗಳು ಕಡಿಮೆಯಾದರು. ಅಷ್ಟರಲ್ಲಿ ಅಮೆರಿಕದ ಕಾರ್ಖಾನೆಗಳು ಅಚ್ಚಿನಲ್ಲಿ ಒತ್ತಿದ ಉಕ್ಕಿನ ಬಾಡಿಗಳನ್ನು ಉದುರಿಸತೊಡಗಿದ್ದವು. ಅವು ಕಿರುಗುಟ್ಟುತ್ತಿರಲಿಲ್ಲ, ಅಗ್ಗವೂ ಆಗಿದ್ದವು. ಬಾರ್ಕರ್ ಸಂಸ್ಥೆ 1938ರಲ್ಲಿ ಹೂಪರ್ ಕೈಸೇರಿತು. ಯುದ್ಧ ಮುಗಿದ ಮೇಲೆ ರೋಲ್ಸ್ ರಾಯ್ಸ್ ಕೂಡ ಉಕ್ಕಿನ ಬಾಡಿ ಹಾಕಿದ ಇಡೀ ಕಾರನ್ನೇ ಮಾರಲು ಶುರುಮಾಡಿತು. ಅದರಲ್ಲಿ ಚಾಲಕನಿಗೂ ಮಾಲೀಕನಿಗೂ ಒಂದೇ ಛಾವಣಿ.