ಎಲೆ ಬೀಳುವ ಮೊದಲೇ ವಾಹ್ ಅನ್ನಿ

ಧಾರವಾಡದ ಸಪ್ತಾಪುರ ಬಾವಿ ಹತ್ತಿರದ ಚಹಾ ಅಂಗಡಿಯಲ್ಲಿ ಕೋಚಿಂಗ್ ಹುಡುಗರು ಒಂದೇ ಮೊಬೈಲಿಗೆ ಆರು ತಲೆ ಹಚ್ಚಿ ಪೋಕರ್ ವಿಡಿಯೊ ನೋಡುತ್ತಿರುತ್ತಾರೆ. ರಿವರ್‌ನಲ್ಲಿ ಕೊನೆಯ ಎಲೆ ಬಿದ್ದು ಯಾರದೋ ಫ್ಲಶ್ ಕೂಡಿತೆಂದರೆ ‘ಹೋ’ ಎಂದು ಕೂಗು. ನನಗೆ ಮೈಯುರಿ. ಇವರು ನೋಡಿದ್ದು ಅಂದರ್-ಬಾಹರ್: ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೇ. ನಿಜವಾದ ಆಟ ಎರಡು ನಿಮಿಷ ಮೊದಲೇ ನಡೆದು ಮುಗಿದಿತ್ತು. ಆಗ ಇವರ ಗಮನ ಮಿರ್ಚಿ ಭಜಿಯ ಮೇಲಿತ್ತು.

ಫ್ಲಾಪ್, ಟರ್ನ್, ರಿವರ್ ಅಂದರೇನೆಂದು ನಾನು ಹೇಳಿಕೊಡುವುದಿಲ್ಲ. ಅದನ್ನು ಯಾರಾದರೂ ಹತ್ತು ನಿಮಿಷದಲ್ಲಿ ಕಲಿಸುತ್ತಾರೆ. ನನ್ನ ಹುಚ್ಚು ಒಂದೇ: ಇನ್ನೂ ಕೂಡದ ಕೈಯನ್ನು ಹಿಡಿದು ಎದುರಾಳಿಯ ಮೇಲೆ ಏರಿಹೋಗುವುದು. ನಾಲ್ಕು ಆಟೀನು ಇವೆ, ಐದನೆಯದು ಬರಬೇಕು. ಇಂಥ ಕೈಗೆ ಡ್ರಾ ಅನ್ನುತ್ತಾರೆ. ಡ್ರಾ ಹಿಡಿದು ದುಡ್ಡು ಏರಿಸುವುದಕ್ಕೆ ಡೇವಿಡ್ ಸ್ಕ್ಲಾನ್‌ಸ್ಕಿ ‘ಸೆಮಿ-ಬ್ಲಫ್’ ಎಂದು ಹೆಸರಿಟ್ಟ. ಅರ್ಧ ಸುಳ್ಳು, ಅರ್ಧ ಖರೆ.

ನನ್ನ ಕಣ್ಣು ತೆರೆದದ್ದು 2017ರ ದೀಪಾವಳಿಯಲ್ಲಿ. ಪರೀಕ್ಷೆ ಹತ್ತಿರವಿತ್ತು, ಊರಿಗೆ ಹೋಗದೆ ಉಳಿದವರು ನಾಲ್ಕು ಮಂದಿ. ಸಪ್ತಾಪುರದ ಬಾಡಿಗೆ ಕೋಣೆ, ನಡುವೆ ಚಾಪೆ, ದುಡ್ಡಿನ ಬದಲು ಹುಣಸೆ ಬೀಜ. ನನ್ನ ಕೈಯಲ್ಲಿ ಕರಿ ರಾಜರಿಬ್ಬರು. ಚಾಪೆಯ ಮೇಲೆ ಆಟೀನು ಏಳು, ಆಟೀನು ಎರಡು, ಕಳಾವರ ಹತ್ತು. ಗದಗಿನ ಗೆಳೆಯ ತನ್ನ ಬೀಜವನ್ನೆಲ್ಲ ಎರಡೂ ಕೈಯಿಂದ ಬಾಚಿ ನಡುವೆ ಸುರಿದ. ಅವನ ಹತ್ತಿರ ಮೂರು ಏಳು ಇರಬೇಕೆಂದುಕೊಂಡು ರಾಜರನ್ನು ಬಿಸಾಡಿದೆ. ಅವನು ನಗುತ್ತ ಎಲೆ ತಿರುವಿದ: ಆಟೀನು ಎಂಟು, ಆಟೀನು ಒಂಬತ್ತು.

“ಲೇ, ನಿನ್ನ ಹತ್ರ ಒಂದು ಜೋಡೀನೂ ಇಲ್ಲಲ್ಲೋ!”

“ಈಗಿಲ್ಲ. ನೀ ಓಡಿದ್ರ ಪೂರಾ ನಂದು, ನಿಂತ್ರ ಅರ್ಧಕ್ಕಿಂತ ಹೆಚ್ಚು ನಂದು. ಮತ್ಯಾಕ ಸುಮ್ನ ಕುಂದ್ರಲಿ?”

ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಗೆ ಲೆಕ್ಕ ಬರೆದು ತೋರಿಸಿದ. ಉಳಿದ ಆಟೀನು ಒಂಬತ್ತು. ಅದಲ್ಲದೆ ಆರು ಅಥವಾ ಗುಲಾಮ ಬಿದ್ದರೆ ಸ್ಟ್ರೇಟ್. ಆಟೀನು ಬಿಟ್ಟು ಅಂಥವು ಆರು. ಒಟ್ಟು ಹದಿನೈದು ಎಲೆ. ಇನ್ನೆರಡು ಎಲೆಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ. 54. ನನ್ನ ರಾಜರಿಬ್ಬರು ಮೆರೆಯುತ್ತಿದ್ದರು, ಆದರೆ ಹಿಂದಿದ್ದವನು ನಾನೇ.

ಬರೀ ಫ್ಲಶ್ ಡ್ರಾಗೆ ಇಷ್ಟು ಬಲವಿಲ್ಲ, ಶೇ. 35 ಮಾತ್ರ. ಅಲ್ಲಿಯೂ ಮಜಾ ನೋಡಿ. ಮೇಜಿನ ಮೇಲೆ 1,000 ರೂಪಾಯಿ ಇದೆ, ನಿಮ್ಮಲ್ಲಿ ಉಳಿದದ್ದು 1,000. ಎದುರಾಳಿ 1,000 ಹಾಕಿ ನೀವು ಕಾಲ್ ಮಾಡಿದರೆ ಒಟ್ಟು 3,000, ಅದರ ಶೇ. 35 ಅಂದರೆ 1,050. ಸರಾಸರಿ ಲಾಭ 50 ರೂಪಾಯಿ. ಅದೇ ಸಾವಿರವನ್ನು ನೀವೇ ಮೊದಲು ಹಾಕಿ, ನೂರರಲ್ಲಿ ನಲವತ್ತು ಸಲ ಅವನು ಎಲೆ ಬಿಸಾಡಿದರೆ? ನಲವತ್ತು ಸಲ 1,000, ಅರವತ್ತು ಸಲ ಆ ಹಳೆಯ 50. ಸರಾಸರಿ 430. ಅದೇ ಎಲೆ, ಅದೇ ದುಡ್ಡು, ಮೊದಲು ಕೈ ಚಾಚಿದವರಾರು ಎನ್ನುವುದಷ್ಟೇ ಫರಕು. ಈ 380 ರೂಪಾಯಿಯ ಸೊಗಸು ಕಾಣದವನು ಪೋಕರ್ ನೋಡಿಯೇ ಇಲ್ಲ.

2003ರ ಪೋಕರ್ ವಿಶ್ವ ಸರಣಿಯಲ್ಲಿ ಕ್ರಿಸ್ ಮನಿಮೇಕರ್ ಸ್ಯಾಮಿ ಫರ್ಹಾನನ್ನು ಹೆದರಿಸಿದ ಕೈಯನ್ನು ಎಲ್ಲರೂ ನೋಡಿರುತ್ತಾರೆ. ಆನ್‌ಲೈನ್‌ನಲ್ಲಿ ಅರ್ಹತೆ ಗಳಿಸಿ ಬಂದ ಲೆಕ್ಕಿಗ ಆತ. ಏನೂ ಕೂಡದೆ ರಿವರ್‌ನಲ್ಲಿ ಎಲ್ಲವನ್ನೂ ಮುಂದಿಟ್ಟ. ಫರ್ಹಾ ಒಂಬತ್ತರ ಜೋಡಿ ಬಿಸಾಡಿದ. ಜನ ಕೊಂಡಾಡುವುದು ಆ ಕೊನೆಯ ಸುಳ್ಳನ್ನು. ನಾನು ಟರ್ನ್‌ನಲ್ಲೇ ವಿಡಿಯೊ ನಿಲ್ಲಿಸುತ್ತೇನೆ. ಮೇಜಿನ ಮೇಲೆ ಒಂಬತ್ತು, ಎರಡು, ಆರು, ಎಂಟು. ಎರಡರ ಎಲೆ ಬಿಟ್ಟು ಉಳಿದವೆಲ್ಲ ಇಸ್ಪೀಟು. ಮನಿಮೇಕರ್ ಕೈಯಲ್ಲಿ ಇಸ್ಪೀಟು ರಾಜ ಮತ್ತು ಆಟೀನು ಏಳು. ಫರ್ಹಾ 3 ಲಕ್ಷ ಹಾಕಿದ, ಇವನು 8 ಲಕ್ಷಕ್ಕೆ ಏರಿಸಿದ. ಅವನಿಗೆ ಕಾಣದ 46 ಎಲೆಗಳಲ್ಲಿ ಫ್ಲಶ್ಶಿಗೋ ಸ್ಟ್ರೇಟಿಗೋ ಒದಗುವವು ಹದಿನೈದು. ಕೊನೆಯ ಸುಳ್ಳಿಗೆ ಬಲ ಬಂದದ್ದೇ ಈ ಏರಿಕೆಯಿಂದ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸಂಗೀತದ ಬೈಠಕಿನಲ್ಲಿ ಸಮ್‌ಗೆ ಬಂದಾಗ ಎಲ್ಲರೂ ತಲೆದೂಗುತ್ತಾರೆ. ತಿಹಾಯಿ ಎತ್ತಿಕೊಂಡಾಗಲೇ ಕಣ್ಣರಳಿಸುವವನು ರಸಿಕ.

ಇನ್ನುಳಿದದ್ದು ಚುಟುಕಾಗಿ. ಎಲೆ ಬಿಸಾಡುವುದೇ ಗೊತ್ತಿಲ್ಲದವನ ಎದುರು ಈ ಕಲೆ ದಂಡ. ಸಣ್ಣ ಎಲೆಗಳ ಫ್ಲಶ್ ಕೂಡಿದರೂ ದೊಡ್ಡ ಫ್ಲಶ್ಶಿಗೆ ಸೋಲುತ್ತದೆ. ಮೇಜಿನ ಮೇಲೆ ಜೋಡಿ ಬಿದ್ದರೆ ಹುಷಾರು. ಈ ಲೆಕ್ಕ ಹೆಚ್ಚು ಹೊಂದುವುದು ಕ್ಯಾಶ್ ಗೇಮಿಗೆ: ಟೂರ್ನಮೆಂಟಿನಲ್ಲಿ ಎಲ್ಲ ಕಳೆದವನು ಎದ್ದು ಮನೆಗೆ ಹೋಗಬೇಕು, ಇಲ್ಲಿ ಮತ್ತೆ ದುಡ್ಡು ಹಾಕಿ ಕೂರಬಹುದು.

ಆ ‘ಮತ್ತೆ’ಯಲ್ಲೇ ಮುಳುಗಿದವರನ್ನೂ ಬಲ್ಲೆ, ಕೋಚಿಂಗ್ ಫೀ, ಊರಿಂದ ಬಂದ ಬಾಡಿಗೆ ಎಲ್ಲ ಮೊಬೈಲಿನೊಳಗೆ ಹೋಯಿತು. ಪಣದ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ತಳ್ಳಿಹಾಕಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ನನ್ನ ಮೊಬೈಲಿನಲ್ಲಿ ಈಗ ಆ್ಯಪ್ ಇಲ್ಲ. ಉಳಿದದ್ದು ರಸಿಕತೆ.

ಈ ದೀಪಾವಳಿಗೆ ಬನ್ನಿ. ಅರ್ಧ ಕಿಲೊ ಹುಣಸೆ ಬೀಜ ತೊಳೆದು ಒಣಗಿಸಿಟ್ಟಿದ್ದೇನೆ. ಷರತ್ತು ಒಂದೇ: ಕೊನೆಯ ಎಲೆಗೆ ‘ಹೋ’ ಎಂದವರು ಎಲ್ಲರಿಗೂ ಚಹಾ ತರಬೇಕು.