ಪಾಠಯೋಜನೆಯಲ್ಲಿ ಶಾಸ್ತ್ರಭಾಷೆ: ಒಂದು ಮರುಚಿಂತನೆ

ಕನ್ನಡ ಮನೆಮಾತಾಗಿರುವ ಮಗುವಿಗೆ ಕನ್ನಡದ ಶಾಸ್ತ್ರಭಾಷೆಯನ್ನು ಪ್ರತ್ಯೇಕವಾಗಿ ಕಲಿಸಬೇಕಿಲ್ಲವೆಂಬ ಗ್ರಹಿಕೆ ನಮ್ಮಲ್ಲಿ ಬೇರೂರಿದೆ. ಇದನ್ನು ಮರುಪರಿಶೀಲಿಸಬೇಕಾಗಿದೆ. ದೈನಂದಿನ ಸಂವಹನದ ಭಾಷಾಶಕ್ತಿ ಬೇರೆ, ಶೈಕ್ಷಣಿಕ ಚಿಂತನೆಗೆ ಬೇಕಾದ ಭಾಷಾಶಕ್ತಿ ಬೇರೆ ಎಂದು ಜಿಮ್ ಕಮಿನ್ಸ್ 1979ರಲ್ಲಿ ಪ್ರತಿಪಾದಿಸಿದರು. ದ್ವಿಭಾಷಿಕ ಮಕ್ಕಳನ್ನು ಕುರಿತ ಈ ವಿಂಗಡಣೆ ಒಂದೇ ಭಾಷೆಯೊಳಗೂ ವಿಚಾರಾರ್ಹವಾದುದು.

‘ಬಿಸಿಲಿಗೆ ಬಟ್ಟೆ ಬೇಗ ಒಣಗಿತು’ ಎನ್ನುವ ಮಗು ‘ಬಾಷ್ಪೀಕರಣದ ದರವು ಉಷ್ಣತೆಯನ್ನು ಅವಲಂಬಿಸಿದೆ’ ಎಂಬ ವಾಕ್ಯದೆದುರು ಮೌನವಾಗುತ್ತದೆ. ತೊಡಕು ಪಾರಿಭಾಷಿಕ ಪದವೊಂದರದೇ ಅಲ್ಲ. ಕ್ರಿಯಾಪದ ಇಲ್ಲಿ ನಾಮಪದವಾಗಿದೆ. ಬಟ್ಟೆ, ಬಿಸಿಲು ಮರೆಯಾಗಿ ಎರಡು ಪರಿಮಾಣಗಳ ಸಂಬಂಧವಷ್ಟೇ ಉಳಿದಿದೆ. ‘ಬಾಷ್ಪೀಕರಣ’ದ ಬದಲು ‘ಆವಿಯಾಗುವಿಕೆ’ ಎಂದರೂ ಈ ಅಮೂರ್ತತೆ ಕರಗದು. ಸಂಸ್ಕೃತ ಪದವೋ ದೇಸಿ ಪದವೋ ಎಂಬ ನಮ್ಮ ದೀರ್ಘಕಾಲದ ವಾಗ್ವಾದವು ವಾಕ್ಯರಚನೆಯ ಪ್ರಶ್ನೆಯನ್ನು ಹಿನ್ನೆಲೆಗೆ ಸರಿಸಿತೆನ್ನಬೇಕು.

ಎಚೆವರಿಯಾ, ವೋಗ್ಟ್ ಮತ್ತು ಶಾರ್ಟ್ ಅವರು ಅಮೆರಿಕದಲ್ಲಿ ರೂಪಿಸಿದ ಪಾಠಮಾದರಿಯು ಪ್ರತಿ ಪಾಠಕ್ಕೂ ವಿಷಯೋದ್ದೇಶದೊಡನೆ ಭಾಷೋದ್ದೇಶವನ್ನೂ ನಿಗದಿಪಡಿಸುತ್ತದೆ. ಅದು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗಾಗಿ ಹುಟ್ಟಿದ ಮಾದರಿ; ಯಥಾವತ್ ಅನುಕರಣೆ ಸಲ್ಲದು. ಆದರೂ ಅದರ ತತ್ತ್ವ ಗ್ರಾಹ್ಯವಾದುದು. ಮೇಲಿನ ಪಾಠದಲ್ಲಿ ‘ಬಿಸಿ ಹೆಚ್ಚಿದಷ್ಟೂ ನೀರು ಬೇಗ ಆರುತ್ತದೆ’ ಎಂಬ ನಡುವಣ ವಾಕ್ಯವನ್ನು ಮಗುವಿನಿಂದಲೇ ಹೇಳಿಸಿ, ಬರೆಸಿ, ಅನಂತರ ಶಾಸ್ತ್ರವಾಕ್ಯಕ್ಕೆ ಕರೆದೊಯ್ಯುವುದೇ ಭಾಷೋದ್ದೇಶವಾಗಬಹುದು.

ಈ ಮೆಟ್ಟಿಲಿಲ್ಲದೆಡೆ, ಸಂಗತಿ ತಿಳಿದೂ ಹೇಳಲಾರದ ಮಗು ದಡ್ಡನೆನಿಸಿಕೊಳ್ಳುತ್ತದೆ; ಕನ್ನಡವೂ ಶಾಸ್ತ್ರಕ್ಕೆ ಒಗ್ಗದ ಭಾಷೆಯೆಂಬ ಅಪವಾದಕ್ಕೆ ಗುರಿಯಾಗುತ್ತದೆ. ಎರಡೂ ಅನ್ಯಾಯಗಳ ಮೂಲವನ್ನು ನಾವು ಪಾಠಯೋಜನೆಯಲ್ಲಿಯೇ ಅರಸಬೇಕಾಗಿದೆ.